ಅಪ್‌ಡೇಟ್: ನದಿತೀರದ ಊರಿಗೆ ಹೋಗಿ ಬಂದೆವು

ಮಹಾನಗರದ ಸಮೀಪದ ನದಿತೀರದ ಸಣ್ಣ ಊರೊಂದನ್ನು ವಾರಾಂತ್ಯದ ಪ್ರವಾಸಕ್ಕೆ ಆರಿಸಿಕೊಳ್ಳುವುದು ಹೇಗೆಂದು ಕಳೆದ ತಿಂಗಳು ಕೇಳಿದ್ದೆ. ಕಾರು ಬಿಟ್ಟು ರೈಲಿನಲ್ಲಿ, ಅದೂ ಶುಕ್ರವಾರ ಸಂಜೆಯೇ ಹೊರಡಿರೆಂದು ಹಲವರು ಸೂಚಿಸಿದ್ದಿರಿ, ಹಾಗೆಯೇ ಮಾಡಿದೆವು. ಏರಿಳಿತ ಕಡಿಮೆಯೆಂಬ ಕಾರಣಕ್ಕೆ ರೈಲುಹಳಿಗಳನ್ನು ಅನೇಕ ಕಡೆ ನದಿಕಣಿವೆಯಲ್ಲೇ ಹಾಕಿರುತ್ತಾರೆ. ನಮಗೂ ಕೊನೆಯ ಅರ್ಧ ಗಂಟೆ ನದಿ ಕಿಟಕಿಯ ಪಕ್ಕದಲ್ಲೇ ಜೊತೆಯಾಗಿತ್ತು.

ಶನಿವಾರ ನಸುಕಿನಲ್ಲಿ ಎದ್ದದ್ದು ಸಾರ್ಥಕವಾಯಿತು. ರಾತ್ರಿ ಆಕಾಶ ತಿಳಿಯಾಗಿದ್ದು ನೆಲ ಬೇಗ ತಣಿದಿದ್ದರಿಂದ, ಇನ್ನೂ ಬೆಚ್ಚಗಿದ್ದ ನೀರಿನ ಮೇಲೆ ಮಂಜು ಕವಿದಿತ್ತು. ಬಿಸಿಲೇರಿದಂತೆ ಅದು ಕರಗಿ, ಎದುರು ದಂಡೆಯ ಮರಗಳು ಒಂದೊಂದಾಗಿ ಕಾಣಿಸಿಕೊಂಡ ಆ ಹೊತ್ತು, ಹಗಲಿಗೆ ಬಂದು ಸಂಜೆಗೆ ಮರಳುವವರಿಗೆ ಸಿಗಲಾರದು. ಹಳೆಯ ಬೀದಿಗಳೆಲ್ಲ ಎತ್ತರದ ದಂಡೆಯಲ್ಲೇ ಇದ್ದವು. ಪ್ರವಾಹವನ್ನು ಕಂಡವರು ಕಟ್ಟಿದ ಊರದು ಎಂದು ನನಗೆ ಅನ್ನಿಸಿತು.

ಮಕ್ಕಳನ್ನು ನೀರಿಗಿಳಿಸುವ ಬಗ್ಗೆ ನೀವು ನೀಡಿದ ಎಚ್ಚರಿಕೆಗೆ ನಾನು ಋಣಿ. ನದಿ ತಿರುಗುವಲ್ಲಿ ಹೊರಬದಿಗೆ ಸೆಳೆತವೂ ಆಳವೂ ಹೆಚ್ಚು, ಒಳಬದಿಗೆ ಮರಳು ಕೂಡಿ ಆಳ ಕಡಿಮೆ. ಆದರೂ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಮಳೆಯಿಲ್ಲದ ದಿನವೂ ಮಟ್ಟ ಏರಬಹುದಾದ್ದರಿಂದ, ಊರಿನವರನ್ನು ವಿಚಾರಿಸಿದ ಮೇಲೆಯೇ ಕಾಲು ತೋಯಿಸಿದೆವು. ಭಾನುವಾರ ಮಧ್ಯಾಹ್ನವೇ ಹೊರಟಿದ್ದರಿಂದ ಸಂಜೆಯ ನೂಕುನುಗ್ಗಲು ತಪ್ಪಿತು.