ಐದು ಮಳೆಗಾಲ ನಿಂತ ವಿಲ್ಲೀಸ್ ಜೀಪು: ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ

ಸಿದ್ದಾಪುರದಿಂದ

ಅಜ್ಜನ ಕಾಲದ ಪೆಟ್ರೋಲ್ ವಿಲ್ಲೀಸ್ ಜೀಪು. ಆರ್‌ಸಿಯಲ್ಲಿ 1964 ಎಂದಿದೆ. 2021ರ ಜನವರಿಯಲ್ಲಿ ಅಜ್ಜ ತೀರಿಕೊಂಡ ಮೇಲೆ ಯಾರೂ ಅದನ್ನು ಮುಟ್ಟಲಿಲ್ಲ. ಕಣದ ಪಕ್ಕದ ಸ್ಟೋರಿನಲ್ಲಿ, ಗೊಬ್ಬರದ ಮೂಟೆಗಳ ಮಗ್ಗುಲಲ್ಲಿ, ಟಾರ್ಪಾಲು ಹೊದ್ದು ಐದು ಮಳೆಗಾಲ ನಿಂತಿತ್ತು.

ಈ ಸಲ ಹುತ್ತರಿ ಹಬ್ಬಕ್ಕೆ ಹೊಸ ಭತ್ತದ ಕದಿರು ತೆಗೆಯಲು ಗದ್ದೆಗೆ ಇದರಲ್ಲೇ ಹೋಗಬೇಕು ಎಂದು ಅಜ್ಜಿಗೆ ಆಸೆ. ಇನ್ನು ಮೂರು ವಾರ ಇದೆ.

ಹೊಸ 12 ವೋಲ್ಟ್ ಬ್ಯಾಟರಿ ಹಾಕಿದೆ. ಕಾಲಲ್ಲಿ ಒತ್ತುವ ಸೆಲ್ಫ್ ಚೆನ್ನಾಗಿ ತಿರುಗುತ್ತದೆ. ಎಂಜಿನ್ ಮಾತ್ರ ಒಂದು ಸಲವೂ ಕೆಮ್ಮಲಿಲ್ಲ. ಮೆಕ್ಯಾನಿಕ್ ಒಬ್ಬರು ಬಂದು ನೋಡಿ, ಕಾರ್ಬೊರೇಟರ್ ಹೋಗಿದೆ, ಹೊಸದು ಹಾಕಬೇಕು ಎಂದರು. ಪಕ್ಕದ ತೋಟದ ಮಾವ ಇಳಿಜಾರಲ್ಲಿ ತಳ್ಳಿದರೆ ಹಿಡಿಯುತ್ತದೆ ಅನ್ನುತ್ತಾರೆ. ಯಾರ ಮಾತು ಕೇಳಲಿ?

ವಿರಾಜಪೇಟೆಯಿಂದ

ಇಬ್ಬರದೂ ಬೇಡ ತಮ್ಮಾ. ಐದು ವರ್ಷ ನಿಂತ ಜೀಪಿಗೆ ಬ್ರೇಕ್ ಇದೆಯೋ ಇಲ್ಲವೋ ಗೊತ್ತಿಲ್ಲ. ನಮ್ಮ ಕಡೆಯ ಇಳಿಜಾರಲ್ಲಿ ತಳ್ಳಿದರೆ ಅದು ನಿಲ್ಲುವುದು ಕಾಫಿ ಗಿಡದಲ್ಲೋ ಕೆರೆಯಲ್ಲೋ.

ಸೆಲ್ಫ್ ಹೊಡೆಯುವುದನ್ನೂ ಈಗಲೇ ನಿಲ್ಲಿಸಿ. ಸಿಲಿಂಡರ್ ಒಳಗಿನ ಎಣ್ಣೆ ಯಾವತ್ತೋ ಇಳಿದು ಹೋಗಿರುತ್ತದೆ. ಒಣ ಗೋಡೆಗೆ ಪಿಸ್ಟನ್ ರಿಂಗ್ ಉಜ್ಜಿದರೆ ಗೀರು ಬೀಳುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ. ಬಿಚ್ಚುವ ಮೊದಲು ವೈರುಗಳಿಗೆ ಟೇಪ್ ಸುತ್ತಿ ನಂಬರ್ ಬರೆಯಿರಿ. ಒಂದೊಂದು ತೂತಿಗೂ ಎರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಜೀಪಿನ ಮುಂಭಾಗದಲ್ಲಿ ಹ್ಯಾಂಡಲ್ ಹಾಕಿ ಕೈಯಲ್ಲಿ ತಿರುಗಿಸಿ. ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಲಿ, ಹ್ಯಾಂಡಲ್ ಸುತ್ತ ಹಿಡಿಯಬೇಡಿ. ಪ್ಲಗ್ ಇಲ್ಲದಾಗ ಅದು ಒದೆಯುವುದಿಲ್ಲ, ಆದರೂ ಅಭ್ಯಾಸ ಈಗಿಂದಲೇ ಆಗಲಿ. ನನ್ನ ಅಪ್ಪನ ಹೆಬ್ಬೆರಳು ಕೊನೆವರೆಗೂ ಸೊಟ್ಟಗೇ ಇತ್ತು.

ಡಿಪ್ ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ.

ಎರಡು ಪ್ರಶ್ನೆ. ಬಾನೆಟ್ ಎತ್ತರದ್ದೋ ತಗ್ಗಿನದ್ದೋ? ಕಾರ್ಬೊರೇಟರ್ ಬಾಯಿಗೆ ಒಂಚೂರು ಪೆಟ್ರೋಲ್ ಬಿಟ್ಟು ನೋಡಿದಿರಾ?

ಸಿದ್ದಾಪುರದಿಂದ

ಬಾನೆಟ್ ಎತ್ತರದ್ದು. ಮೆಕ್ಯಾನಿಕ್ ಬಾಟಲಿಯಿಂದಲೇ ಪೆಟ್ರೋಲ್ ಸುರಿದಿದ್ದರು, ಆಗಲೂ ಕೆಮ್ಮಲಿಲ್ಲ. ಆಯಿಲ್ ಕಪ್ಪಗಿದೆ, ನೀರಿಲ್ಲ. ಕೈಯಲ್ಲಿ ಸಲೀಸಾಗಿ ತಿರುಗಿತು.

ವಿರಾಜಪೇಟೆಯಿಂದ

ಹಾಗಾದರೆ ಸಿಜೆ3ಬಿ ಮಾಡೆಲ್. ಒಳಗಿರುವುದು 2.2 ಲೀಟರಿನ ಎಫ್-ಹೆಡ್ ಎಂಜಿನ್. ಅದರ ಹೆಡ್ ಎತ್ತರ, ಅದಕ್ಕೇ ಬಾನೆಟ್ಟೂ ಎತ್ತರ.

ಬಾಟಲಿಯಿಂದ ಸುರಿಯುವುದು ಇನ್ನು ಬೇಡ. ಬ್ಯಾಕ್‌ಫೈರ್ ಆದರೆ ಬಾಟಲಿಗೂ ಬೆಂಕಿ, ಕೈಗೂ ಬೆಂಕಿ. ಸಿರಿಂಜಿನಲ್ಲಿ ನಾಲ್ಕು ಹನಿ ಬಿಟ್ಟು, ಸಿರಿಂಜು ದೂರ ಇಟ್ಟು ಸೆಲ್ಫ್ ಹೊಡೆಯಿರಿ, ಸಾಕು.

ಆದರೆ ಅದರಿಂದ ಒಂದು ವಿಷಯ ತಿಳಿಯಿತು. ಬಾಯಿಗೆ ಪೆಟ್ರೋಲ್ ಬಿಟ್ಟಾಗ ಎರಡು ಸೆಕೆಂಡ್ ಓಡಿ ನಿಂತಿದ್ದರೆ ತೊಂದರೆ ಪೆಟ್ರೋಲ್ ಕಡೆ. ಕೆಮ್ಮಲೂ ಇಲ್ಲ ಅಂದರೆ ಹೆಚ್ಚಾಗಿ ಪ್ಲಗ್ಗಿಗೆ ಕರೆಂಟ್ ಬರುತ್ತಿಲ್ಲ. ಹೊಸ ಕಾರ್ಬೊರೇಟರ್ ಹಾಕಿದ್ದರೆ ದುಡ್ಡು ಸುಮ್ನೆ ಹೋಗುತ್ತಿತ್ತು.

ಸೋಮವಾರಪೇಟೆಯಿಂದ

ಗೊಬ್ಬರದ ಮೂಟೆ ಎಂದಿರಲ್ಲ, ಅದೇ ನನಗೆ ಕಣ್ಣಿಗೆ ಬಿದ್ದದ್ದು. ಯಾವ ಗೊಬ್ಬರ? ಯೂರಿಯಾ ಮಳೆಗಾಲದಲ್ಲಿ ತೇವ ಹೀರಿ ಅಮೋನಿಯಾ ಬಿಡುತ್ತದೆ, ಅದು ತಾಮ್ರ, ಹಿತ್ತಾಳೆ ತಿನ್ನುತ್ತದೆ. ಪೊಟ್ಯಾಷ್ ಅಂತೂ ಉಪ್ಪೇ. ಅದರ ಮೇಲೆ ಟಾರ್ಪಾಲು ಬೇರೆ. ಟಾರ್ಪಾಲು ಮಳೆಯನ್ನು ತಡೆಯುತ್ತದೆ ನಿಜ, ಆದರೆ ನೆಲದಿಂದ ಏಳುವ ತೇವವನ್ನು ಒಳಗೇ ಕೂಡಿಹಾಕುತ್ತದೆ.

ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆಯಿರಿ, ಗ್ಯಾರೇಜಿನವರು ಡೆಲ್ಕೊ ಅನ್ನುತ್ತಾರಲ್ಲ, ಅದೇ. ಒಂದು ಟೆಸ್ಟ್ ಲ್ಯಾಂಪ್ ತಗೊಂಡು ಒಂದು ತುದಿ ಬಾಡಿಗೆ, ಇನ್ನೊಂದು ತುದಿ ಕಾಯಿಲ್‌ನಿಂದ (ಬ್ಯಾಟರಿಯ ವೋಲ್ಟೇಜನ್ನು ಕಿಡಿಗೆ ಬೇಕಾದಷ್ಟು ಏರಿಸುವ ಡಬ್ಬಿ) ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಸಣ್ಣ ವೈರಿನ ಬೋಲ್ಟಿಗೆ ಕೊಡಿ. ಸ್ವಿಚ್ ಆನ್ ಮಾಡಿ, ಹ್ಯಾಂಡಲ್‌ನಲ್ಲಿ ನಿಧಾನ ತಿರುಗಿಸಿ. ಕ್ಯಾಪ್ ಒಳಗೆ ಪಾಯಿಂಟ್ ಇದೆ, ಕರೆಂಟ್ ಕೂಡಿಸಿ ಬಿಡಿಸುವ ಪುಟ್ಟ ಸ್ವಿಚ್. ಅದು ಕೂಡಿದಾಗ ಲ್ಯಾಂಪ್ ಆರಬೇಕು, ಬಿಟ್ಟಾಗ ಹತ್ತಬೇಕು. ಹತ್ತಿಯೇ ಇದ್ದರೆ ಪಾಯಿಂಟ್ ಕೂಡಿದಂತೆ ಕಂಡರೂ ಕರೆಂಟ್ ದಾಟುತ್ತಿಲ್ಲ. ಹತ್ತಲೇ ಇಲ್ಲ ಅಂದರೆ ಕಾಯಿಲ್‌ಗೇ ಕರೆಂಟ್ ಬಂದಿಲ್ಲ, ಅಥವಾ ಎಲ್ಲೋ ಬಾಡಿಗೆ ತಾಗುತ್ತಿದೆ. ಇಲಿ ವೈರ್ ಕಡಿದಿರಬಹುದು, ಹುಡುಕಿ.

ಕಾಯಿಲ್ ಮೇಲೆ 12 ವೋಲ್ಟ್ ಎಂದು ಇದೆಯಾ ನೋಡಿ. ಹಳೇ ಜೀಪುಗಳಲ್ಲಿ 6 ವೋಲ್ಟ್ ಇರುತ್ತಿತ್ತು.

ಸಿದ್ದಾಪುರದಿಂದ

ಯೂರಿಯಾ, ಪೊಟ್ಯಾಷ್ ಎರಡೂ ಇದ್ದವು. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತದ ಅರ್ಧ ಮೂಟೆಯೂ ಇತ್ತು, ಹೇಳಲು ನಾಚಿಕೆ.

ಲ್ಯಾಂಪ್ ಆರಲೇ ಇಲ್ಲ. ಡೆಲ್ಕೊ ಒಳಗೆ ಬೋಲ್ಟುಗಳ ಮೇಲೆ ಹಸಿರು ಪುಡಿ, ಪಾಯಿಂಟ್ ಮುಖ ಬೂದಿ ಬಣ್ಣ. ಕಾಯಿಲ್ 12 ವೋಲ್ಟಿನದೇ. ಪಾಯಿಂಟ್ ಹೇಗೆ ಉಜ್ಜಲಿ?

ಸೋಮವಾರಪೇಟೆಯಿಂದ

ನುಣ್ಣನೆಯ ಸ್ಯಾಂಡ್ ಪೇಪರ್, 400 ನಂಬರಿನದು. ಮಡಚಿ ಮಧ್ಯೆ ಇಟ್ಟು ನಾಲ್ಕೈದು ಸಲ ಎಳೆಯಿರಿ, ಜಾಸ್ತಿ ಬೇಡ. ಆಮೇಲೆ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಲ್ಲಿ ಒರೆಸಿ. ಪೇಪರಿನ ಒಂದು ಕಣ ಉಳಿದರೂ ಮತ್ತೆ ಅದೇ ಕತೆ. ಪಾಯಿಂಟ್ ಪೂರ್ತಿ ಬಿಟ್ಟಾಗ ಗ್ಯಾಪ್ 20 ಥೌ ಇರಲಿ, ಅಂದರೆ ಅರ್ಧ ಮಿಲಿಮೀಟರ್. ಪ್ಲಗ್‌ಗೆ 30 ಥೌ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಲ್ಲಿ ಕಿಡಿ ಬೀಳುವ ಸರದಿ, 1-3-4-2. ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಹೊಸದು ಹಾಕಿಬಿಡಿ, ದುಬಾರಿ ಏನಲ್ಲ.

ಸಿದ್ದಾಪುರದಿಂದ

ಕಾಯಿಲ್ ವೈರನ್ನು ಬ್ಲಾಕ್ ಹತ್ತಿರ ಇಕ್ಕಳದಲ್ಲಿ ಹಿಡಿದು ನೋಡಿದೆ. ಮೊದಲು ಕಿಡಿ ಹಳದಿ ಇತ್ತು. ಗೋಣಿಕೊಪ್ಪಲಿನಿಂದ ಕಂಡೆನ್ಸರ್ ತಂದು ಹಾಕಿದ ಮೇಲೆ ನೀಲಿ, ಚಟ್ ಚಟ್ ಎಂದಿತು.

ಸಿರಿಂಜಿನಲ್ಲಿ ಪೆಟ್ರೋಲ್ ಬಿಟ್ಟಾಗ ಮೂರು ಸೆಕೆಂಡ್ ಓಡಿತು! ಅಜ್ಜಿ ಒಳಗಿಂದ ಓಡಿ ಬಂದರು. ಅಷ್ಟರಲ್ಲಿ ನಿಂತಿತು.

ವಿರಾಜಪೇಟೆಯಿಂದ

ಈಗ ಪೆಟ್ರೋಲ್ ಸರದಿ. ಡ್ರೈವರ್ ಸೀಟಿನ ಕೆಳಗಿನ ಟ್ಯಾಂಕ್ ಖಾಲಿ ಮಾಡಿ, ಬಂದದ್ದನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ನೋಡಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ, ನೀರು ಹೆಚ್ಚಾದರೆ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತದೆ. ಟ್ಯಾಂಕಿನ ತಳ ತುಕ್ಕು ಹಿಡಿಯುವುದು ಅಲ್ಲೇ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಎಸಿ ಪಂಪಿನ ಡಯಾಫ್ರಾಮ್ ಹಳೇ ರಬ್ಬರಿನದಾದರೆ ಎಥನಾಲ್‌ಗೆ ತಾಳುವುದಿಲ್ಲ, ಹೊಸ ಕಿಟ್ ತರಿಸಿ. ಪಂಪ್ ಬಿಚ್ಚಿದಾಗ ಕಾರ್ಬೊರೇಟರ್ ಜೆಟ್ಟುಗಳನ್ನೂ ತೊಳೆದು ಗಾಳಿ ಹೊಡೆಯಿರಿ. ತಂತಿ ತುರುಕಬೇಡಿ.

ಸಿದ್ದಾಪುರದಿಂದ

ಟ್ಯಾಂಕಿನಿಂದ ಆರು ಲೀಟರ್ ಬಂತು. ಬೆಲ್ಲದ ಪಾಕದ ಬಣ್ಣ, ವಾರ್ನಿಷ್ ವಾಸನೆ, ಕೆಳಗೆ ಎರಡು ಬೆರಳು ನೀರು. ಡಯಾಫ್ರಾಮ್ ಹಪ್ಪಳದಂತೆ ಮುರಿಯಿತು.

ಎಲ್ಲ ಹಾಕಿ ನಿನ್ನೆ ಸ್ಟಾರ್ಟ್ ಮಾಡಿದೆ. ಹಿಡಿಯಿತು, ನಿಂತಲ್ಲೇ ಓಡುತ್ತದೆ. ಆದರೆ ಮೂರೇ ಸಿಲಿಂಡರ್. ಒಂದೊಂದೇ ಪ್ಲಗ್ ವೈರ್ ತೆಗೆದು ನೋಡಿದರೆ ಮೂರನೆಯದಕ್ಕೆ ಮಾತ್ರ ಏನೂ ವ್ಯತ್ಯಾಸ ಇಲ್ಲ. ಪ್ಲಗ್ ಬದಲಿಸಿದೆ, ಕಿಡಿ ಇದೆ. ನಿಲ್ಲಿಸಿ ಪ್ಲಗ್ ತೂತಿಗೆ ಹೆಬ್ಬೆರಳಿಟ್ಟು ಹ್ಯಾಂಡಲ್ ತಿರುಗಿಸಿದರೆ ಗಾಳಿಯೇ ತಳ್ಳುವುದಿಲ್ಲ. ಎಂಜಿನ್ ಬಿಚ್ಚಬೇಕಾ?

ವಿರಾಜಪೇಟೆಯಿಂದ

ಹೆದರಬೇಡಿ. ಎಫ್-ಹೆಡ್‌ನಲ್ಲಿ ಇನ್‌ಲೆಟ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ. ತುಂಬಾ ದಿನ ನಿಂತರೆ ಎಕ್ಸಾಸ್ಟ್ ವಾಲ್ವ್ ತಾನು ಏರಿಳಿಯುವ ಗೈಡಿನಲ್ಲಿ ತುಕ್ಕಿಗೆ ಅಂಟಿ ತೆರೆದೇ ಉಳಿಯುತ್ತದೆ. ಅದು ಸಿಲಿಂಡರಿನ ಪಕ್ಕದಲ್ಲಿ ಕೂರುವುದರಿಂದ ಪಿಸ್ಟನ್‌ಗೆ ತಾಗುವುದಿಲ್ಲ, ಬಾಗಿರುವುದೂ ಇಲ್ಲ. ಈ ಎಂಜಿನ್ ಮಾಡಿದವರಿಗೆ ನಾನು ಋಣಿ.

ಎಂಜಿನ್ ಪಕ್ಕದ ಟ್ಯಾಪೆಟ್ ಮುಚ್ಚಳ ಬಿಚ್ಚಿ. ನಿಧಾನ ತಿರುಗಿಸಿ ನೋಡಿ, ಉಳಿದವು ಏರಿ ಇಳಿಯುತ್ತವೆ, ಒಂದು ಮಾತ್ರ ಮೇಲೆಯೇ ನಿಂತಿರುತ್ತದೆ. ಅದರ ಕಾಂಡಕ್ಕೆ ಪೆನೆಟ್ರೇಟಿಂಗ್ ಆಯಿಲ್ ಬಿಡಿ. ದಿನಕ್ಕೆ ಮೂರು ಸಲ, ಎರಡು ದಿನ. ಆಮೇಲೆ ದೊಡ್ಡ ಸ್ಕ್ರೂ ಡ್ರೈವರ್‌ನಲ್ಲಿ ಸ್ಪ್ರಿಂಗಿನ ಕೆಳ ತಟ್ಟೆಯನ್ನು ಮೆಲ್ಲಗೆ ಕೆಳಗೆ ಒತ್ತುತ್ತಾ ಬನ್ನಿ. ಎಂಜಿನ್ ಸ್ವಲ್ಪ ಬೆಚ್ಚಗಿದ್ದರೆ ಬೇಗ ಬಿಡುತ್ತದೆ. ಸುತ್ತಿಗೆ ಮಾತ್ರ ದೂರ ಇರಲಿ.

ಸಿದ್ದಾಪುರದಿಂದ

ಮೂರನೇ ದಿನ ಟಕ್ ಎಂದು ಇಳಿಯಿತು. ಈಗ ನಾಲ್ಕೂ ಹೊಡೆಯುತ್ತಿವೆ. ಪೂರ್ತಿ ಬಿಸಿಯಾದ ಮೇಲೆ ಆಯಿಲ್ ಬದಲಿಸಿದೆ. ಗೊಬ್ಬರ, ಮೈಲುತುತ್ತ ಬೇರೆ ಕೋಣೆಗೆ ಹೋದವು. ಟಾರ್ಪಾಲು ಈಗ ಸೌದೆಯ ಮೇಲೆ.

ನೀವು ಮೊದಲೇ ಹೇಳಿದ್ದು ಸರಿ ಅಣ್ಣ, ಬ್ರೇಕ್ ಪೆಡಲ್ ನೆಲ ಮುಟ್ಟುತ್ತದೆ. ಹಿಂದಿನ ಎರಡೂ ಚಕ್ರದ ಸಿಲಿಂಡರ್ ಸೋರುತ್ತಿವೆ. ಕಿಟ್ ಮೈಸೂರಿನಿಂದ ಬರಬೇಕು. ಹುತ್ತರಿ ರಾತ್ರಿ ಗದ್ದೆಗೆ ನಡೆದೇ ಹೋದೆವು. ಹೊರಡುವ ಮೊದಲು ಅಜ್ಜಿಯನ್ನು ಕೂರಿಸಿಕೊಂಡು ಕಣದಲ್ಲಿ ಮೊದಲನೇ ಗೇರಿನಲ್ಲಿ ಎರಡು ಸುತ್ತು ಬಂದೆ, ಹ್ಯಾಂಡ್ ಬ್ರೇಕ್ ಹಿಡಿದುಕೊಂಡೇ.