ಮರ್ರಾಕೇಶ್‌ನಲ್ಲಿ ಇಬ್ಬರ ರಾತ್ರಿಯೂಟ, ಒಬ್ಬರು ಸಸ್ಯಾಹಾರಿ: ತಿಳಿದವರು ಹೇಳಿ

ಪ್ರಶ್ನೆ: ಜನವರಿಯಲ್ಲಿ ನಾವಿಬ್ಬರೂ ಮರ್ರಾಕೇಶ್‌ಗೆ ಹೋಗುತ್ತಿದ್ದೇವೆ. ಮದುವೆಯ ವಾರ್ಷಿಕೋತ್ಸವದ ರಾತ್ರಿ ಹಳೇ ಊರಿನ ಒಳಗೇ ಒಂದು ಒಳ್ಳೆಯ, ದುಬಾರಿಯಾದರೂ ಸರಿ, ಮೊರಾಕೊ ರೆಸ್ಟೋರೆಂಟಿನಲ್ಲಿ ಊಟ ಮಾಡುವ ಆಸೆ. ನಾನು ಮಾಂಸ ತಿನ್ನುತ್ತೇನೆ, ಹೆಂಡತಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಏನು ತರಿಸಬೇಕು? ಎಲ್ಲಿ ಎಡವುತ್ತೇವೆ?

ಉತ್ತರ 1
ಟೇಬಲ್ ಕಾಯ್ದಿರಿಸುವಾಗಲೇ ಕೇಳಿ: ಇಡೀ ಊಟಕ್ಕೆ ಒಂದೇ ದರವೋ, ಬೇಕಾದ್ದನ್ನಷ್ಟೇ ತರಿಸಿಕೊಳ್ಳಬಹುದೋ? ಹಳೇ ಹವೇಲಿಗಳಲ್ಲಿರುವ ಹಲವು ರೆಸ್ಟೋರೆಂಟುಗಳದು ಒಂದೇ ದರ. ಏಳೆಂಟು ಬಗೆಯ ಸಲಾಡ್, ಪಾಸ್ತಿಯಾ (ತೆಳು ಪದರಗಳ ಪೈ), ತಾಜಿನ್ (ಮುಚ್ಚಳದ ಮಣ್ಣಿನ ಪಾತ್ರೆಯಲ್ಲಿ ನಿಧಾನವಾಗಿ ಬೇಯಿಸಿದ ಅಡುಗೆ), ಕೂಸ್‌ಕೂಸ್ (ಗೋಧಿ ರವೆಯ ಸಣ್ಣ ಕಾಳು), ಹಣ್ಣು, ಸಿಹಿ, ಚಹಾ ಸಾಲಾಗಿ ಬರುತ್ತವೆ. ಎರಡೂವರೆಯಿಂದ ಮೂರು ಗಂಟೆ ಹಿಡಿಯುತ್ತದೆ. ಹೆಚ್ಚಿನವರು ಎಡವುವುದು ಮೊದಲ ಅರ್ಧ ಗಂಟೆಯಲ್ಲೇ: ಬಿಸಿ ರೊಟ್ಟಿ, ಸಲಾಡುಗಳಲ್ಲೇ ಹೊಟ್ಟೆ ತುಂಬಿಸಿಕೊಂಡು ತಾಜಿನ್ ಬರುವಾಗ ಕೈಚೆಲ್ಲುತ್ತಾರೆ. ನಿಮ್ಮಂತೆ ಇಬ್ಬರ ಊಟ ಬೇರೆ ಬೇರೆಯಾದರೆ ಬಿಡಿ ಮೆನು ಇರುವ ಕಡೆಗೇ ಹೋಗಿ. ಇಬ್ಬರಿಗೆ ಸಲಾಡುಗಳ ಒಂದು ತಟ್ಟೆ, ಆಮೇಲೆ ತಲಾ ಒಂದು ಮುಖ್ಯ ತಿನಿಸು, ಕೊನೆಗೆ ಒಂದೇ ಸಿಹಿ. ಅಷ್ಟು ಧಾರಾಳವಾಗಿ ಸಾಕು. ಹಳೇ ಊರೇ ಆಗಬೇಕೆಂಬ ಹಟವಿಲ್ಲದಿದ್ದರೆ ಗೆಲಿಜ್ ಬಡಾವಣೆಯ ಅಲ್ ಫಾಸಿಯಾ ನೋಡಿ. ಹೆಂಗಸರೇ ನಡೆಸುವ ಜಾಗ, ಬಿಡಿ ಮೆನು.

ಉತ್ತರ 2
ಸಸ್ಯಾಹಾರದ ವಿಷಯ ಬಿಡಿಸಿ ಹೇಳಬೇಕು, ಇಲ್ಲಿಯೇ ಮೋಸ ಹೋಗುವುದು. "ಏಳು ತರಕಾರಿಯ ಕೂಸ್‌ಕೂಸ್" ಎಂದು ಬರೆದಿದ್ದರೂ ನಂಬಬೇಡಿ. ಕೂಸ್‌ಕೂಸ್ ಬೇಯುವುದು ಎರಡು ಅಂತಸ್ತಿನ ಪಾತ್ರೆಯಲ್ಲಿ. ಕೆಳಗೆ ಸಾರು ಕುದಿಯುತ್ತದೆ, ಮೇಲೆ ತೂತಿನ ಪಾತ್ರೆಯಲ್ಲಿ ಅದರ ಹಬೆಗೆ ಕಾಳು ಬೇಯುತ್ತದೆ. ಹಬೆಗಿಟ್ಟು, ಇಳಿಸಿ, ನೀರು ಚಿಮುಕಿಸಿ ಕೈಯಲ್ಲಿ ಬಿಡಿಸಿ ಮತ್ತೆ ಹಬೆಗೆ, ಹೀಗೆ ಮೂರು ಸಲ. ಕೆಳಗಿನ ಸಾರಿನಲ್ಲಿ ಸಾಮಾನ್ಯವಾಗಿ ಮಾಂಸವೇ ಇರುತ್ತದೆ, ಬಡಿಸುವಾಗ ಅದೇ ಸಾರನ್ನು ಮೇಲೆ ಸುರಿಯುತ್ತಾರೆ. ತರಕಾರಿ ತಾಜಿನ್‌ನದೂ ಇದೇ ಪಾಡು: ಮಾಂಸದ ಸಾರಿನಲ್ಲಿ ಬೇಯಿಸಿ ತುಂಡುಗಳನ್ನು ತೆಗೆದಿಟ್ಟರೆ ಅವರ ಲೆಕ್ಕಕ್ಕೆ ಅದು ತರಕಾರಿಯದೇ. ಹರೀರಾ ಸೂಪಿಗೂ ಹೆಚ್ಚಾಗಿ ಮಾಂಸ ಬೀಳುತ್ತದೆ.

"ಸಸ್ಯಾಹಾರಿ" ಎಂದಷ್ಟೇ ಹೇಳಿದರೆ ಸಾಲದು. ಫ್ರೆಂಚಿನಲ್ಲಿ "ಸಾಂ ವಿಯಾಂದ್" ಎಂದರೆ ಮಾಂಸ ಬೇಡ, "ಸಾಂ ಬುಯೋಂ ದ ವಿಯಾಂದ್" ಎಂದರೆ ಮಾಂಸದ ಸಾರೂ ಬೇಡ. ಎರಡನ್ನೂ ಹೇಳಿ. ಊಟಕ್ಕೆ ಕೂತ ಮೇಲಲ್ಲ, ಹಿಂದಿನ ದಿನವೇ ಹೇಳಿ. ಆಗ ಅವರಿಗೆ ಬೇರೆ ಪಾತ್ರೆ ಇಡಲು ಸಮಯ ಸಿಗುತ್ತದೆ.

ಧೈರ್ಯವಾಗಿ ತಿನ್ನಬಹುದಾದವು ಬೇಯಿಸಿದ ಸಲಾಡುಗಳು: ಜಾಲೂಕ್ (ಬದನೆ, ಟೊಮೆಟೊ, ಬೆಳ್ಳುಳ್ಳಿ, ಜೀರಿಗೆ), ತಕ್ತೂಕಾ (ಸುಟ್ಟ ದೊಣ್ಣೆಮೆಣಸು, ಟೊಮೆಟೊ), ದಾಲ್ಚಿನ್ನಿ ಹಾಕಿದ ಕ್ಯಾರೆಟ್. ಆದರೆ ಅದೇ ತಟ್ಟೆಯಲ್ಲಿ ಕೆಲವೊಮ್ಮೆ ಲಿವರ್ ಅಥವಾ ಮಿದುಳಿನ ಬಟ್ಟಲೂ ಇರುತ್ತದೆ, ಒಂದೊಂದನ್ನೂ ತೋರಿಸಿ ಕೇಳಿ. ಬ್ರಿವಾತ್ ಎಂಬ ಕರಿದ ಮಡಿಕೆಗಳಲ್ಲಿ ಒಳಗಿರುವುದು ಚೀಸೋ ಖೀಮಾವೋ, ಹೊರಗಿನಿಂದ ಗೊತ್ತಾಗುವುದಿಲ್ಲ.

ಉತ್ತರ 3
ನಿಮ್ಮ ಪಾಲಿಗೆ ಮರ್ರಾಕೇಶ್‌ನದೇ ಆದ ತಂಜಿಯಾ ತರಿಸಿ. ಮಾಂಸ, ಉಪ್ಪಲ್ಲಿ ಹಾಕಿಟ್ಟ ನಿಂಬೆ, ಬೆಳ್ಳುಳ್ಳಿ, ಜೀರಿಗೆ, ಸ್ಮೆನ್ ಎಂಬ ಹಳೇ ಬೆಣ್ಣೆ, ಇಷ್ಟನ್ನೂ ಮಣ್ಣಿನ ಹೂಜಿಗೆ ತುಂಬಿ, ಹಮ್ಮಾಮಿನ (ಸಾರ್ವಜನಿಕ ಸ್ನಾನಗೃಹದ) ಒಲೆಯ ಬಿಸಿ ಬೂದಿಯಲ್ಲಿ ಗಂಟೆಗಟ್ಟಲೆ ಹೂತಿಡುವ ಅಡುಗೆ. ಮುಂಚೆ ಹೇಳದಿದ್ದರೆ ಸಿಗದೆ ಹೋಗಬಹುದು. ಕುರಿಯ ಇಡೀ ಭುಜವನ್ನು ಸುಟ್ಟು ಮಾಡುವ ಮೆಶುಯಿಗೂ ಇದೇ ಮಾತು, ಜೊತೆಗೆ ಅದು ಒಬ್ಬರಿಗೆ ಆಗುವ ಅಳತೆಯಲ್ಲ.

ಪಾಸ್ತಿಯಾ ಬಿಡಬೇಡಿ. ಪಾರಿವಾಳ ಅಥವಾ ಕೋಳಿ, ಮೊಟ್ಟೆ, ಬಾದಾಮಿ, ಮೇಲೆ ಸಕ್ಕರೆ ಪುಡಿ ಮತ್ತು ದಾಲ್ಚಿನ್ನಿ. ಸಿಹಿ ಕಂಡು ತಪ್ಪಾಗಿ ಬಂತೆಂದು ವಾಪಸ್ ಕಳಿಸಬೇಡಿ, ಅದು ಇರುವುದೇ ಹಾಗೆ. ಬಂದ ಕೂಡಲೇ ತಿನ್ನಿ. ತಡವಾದರೆ ಒಳಗಿನ ಹಬೆಗೆ ವರ್ಕಾ ಎಂಬ ತೆಳು ಹಿಟ್ಟಿನ ಪದರ ಮೆತ್ತಗಾಗಿ ಗರಿಗರಿ ಹೋಗುತ್ತದೆ. ನಿಂಬೆ ಮತ್ತು ಆಲಿವ್ ಹಾಕಿದ ಕೋಳಿ ತಾಜಿನ್ ತರಿಸಿದರೆ ರುಚಿ ನೋಡದೆ ಉಪ್ಪು ಕೇಳಬೇಡಿ, ಆ ನಿಂಬೆಯೇ ಉಪ್ಪಿನ ಗಣಿ.

ಉತ್ತರ 4
ಊಟದ ಮಾತಾಯಿತು, ದಾರಿಯದು ಉಳಿಯಿತು. ಹಳೇ ಊರಿನ ಗಲ್ಲಿಗಳಿಗೆ ಕಾರು ಹೋಗುವುದಿಲ್ಲ. ಯಾವ "ಬಾಬ್" (ಕೋಟೆ ಬಾಗಿಲು) ಹತ್ತಿರ ಇಳಿಯಬೇಕೆಂದು ರೆಸ್ಟೋರೆಂಟಿನವರನ್ನೇ ಕೇಳಿ, ಅಲ್ಲಿಂದ ಕರೆದೊಯ್ಯಲು ಆಳು ಕಳಿಸಲು ಹೇಳಿ. ಕತ್ತಲಲ್ಲಿ ಫೋನಿನ ನಕ್ಷೆ ಆ ಗಲ್ಲಿಗಳಲ್ಲಿ ಕೈಕೊಡುತ್ತದೆ. "ದಾರಿ ಮುಚ್ಚಿದೆ, ಬನ್ನಿ ತೋರಿಸುತ್ತೇನೆ" ಎನ್ನುವವರ ಹಿಂದೆ ಹೋದರೆ ಕೊನೆಗೆ ದುಡ್ಡಿನ ತಗಾದೆ. ಸಣ್ಣ ಟ್ಯಾಕ್ಸಿಗಳಿಗೆ ರಾತ್ರಿ ಮೀಟರಿನ ಮೇಲೆ ಶೇ. 50 ಹೆಚ್ಚು, ಅದು ನ್ಯಾಯವಾದದ್ದೇ. ಮೀಟರ್ ಹಾಕದಿದ್ದರೆ ಹತ್ತುವ ಮುಂಚೆ ದರ ಮಾತಾಡಿಕೊಳ್ಳಿ.

ಜನವರಿಯ ರಾತ್ರಿ ಚಳಿ ಜೋರು. ಅಂಗಳದ ಕಾರಂಜಿ ಪಕ್ಕದ ಟೇಬಲ್ ಫೋಟೊಗೆ ಚೆಂದ, ಮೂರು ಗಂಟೆ ಕೂರಲು ಅಲ್ಲ. ಒಳಗಿನ ಕೋಣೆ ಕೇಳಿ. ತಗ್ಗು ಆಸನ ಮಂಡಿಗೆ ಕಷ್ಟವಾದರೆ ಎತ್ತರದ ಟೇಬಲ್ಲನ್ನೂ ಮೊದಲೇ ಕೇಳಿ. ಕಾರ್ಡ್ ನಡೆಯುತ್ತದೆಂದರೂ ದಿರ್ಹಮ್ (ಅಲ್ಲಿನ ಹಣ) ನಗದು ಜೊತೆಗಿರಲಿ. ಬಿಲ್ಲಿನಲ್ಲಿ ಸೇವಾ ಶುಲ್ಕ ಸೇರಿಲ್ಲದಿದ್ದರೆ ಶೇ. 10 ಟಿಪ್ಸ್ ಮರ್ಯಾದೆ. ಊದ್ ಎಂಬ ತಂತಿವಾದ್ಯ ನುಡಿಸುವವರಿಗೆ ಕೊಡಲು ಸಣ್ಣ ನೋಟು ಬೇರೆ ಇಟ್ಟುಕೊಳ್ಳಿ.

ಉತ್ತರ 5
ಸಿಹಿಯ ಬಗ್ಗೆ ಎರಡು ಮಾತು. ದಾಲ್ಚಿನ್ನಿ ಉದುರಿಸಿದ ಕಿತ್ತಳೆ ಹೋಳು ಇಬ್ಬರಿಗೂ ಆಗುತ್ತದೆ, ಆ ಭಾರದ ಊಟದ ಮೇಲೆ ಅದರಷ್ಟು ಹಿತವಾದದ್ದು ಇನ್ನೊಂದಿಲ್ಲ. ಜವ್‌ಹರಾ ಎಂಬ ಹಾಲಿನ ಪಾಸ್ತಿಯಾದ ಕೆನೆಗೆ ಕೆಲವರು ಮೊಟ್ಟೆ ಹಾಕುತ್ತಾರೆ, ಕೇಳಿಯೇ ತರಿಸಿ. ಪುದೀನಾ ಚಹಾಕ್ಕೆ ಸಕ್ಕರೆ ಬೀಳುವುದು ಲೋಟಕ್ಕಲ್ಲ, ಕೆಟಲಿಗೇ. ಸಕ್ಕರೆ ಬೇಡವಾದರೆ ಚಹಾ ಹೇಳುವಾಗಲೇ "ಸಾಂ ಸುಕ್ರ್" ಅನ್ನಿ, ಮೇಜಿಗೆ ಬಂದ ಮೇಲೆ ಏನೂ ಮಾಡಲಾಗದು.