ಹಳೆಯ ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕ್‌ಗಳಲ್ಲಿ ಯಾವುದನ್ನು ಇಟ್ಕೊಳ್ಳಲಿ, ಯಾವುದನ್ನು ಬಿಸಾಕಲಿ?

ಹಳೆಯ ಲ್ಯಾಪ್‌ಟಾಪ್‌ಗಳಿಂದ ಬಿಚ್ಚಿದ ಹನ್ನೊಂದು ಹಾರ್ಡ್ ಡಿಸ್ಕ್ ನನ್ನ ಹತ್ತಿರ ಸೇರಿವೆ. ಎಲ್ಲವೂ ಎರಡೂವರೆ ಇಂಚಿನವು, 320 ಜಿಬಿಯಿಂದ 1 ಟಿಬಿವರೆಗೆ. ಚೆನ್ನಾಗಿರುವುದನ್ನು ಕೇಸ್‌ಗೆ ಹಾಕಿ ಬಳಸಬೇಕು, ಒಂದೆರಡನ್ನು ಗೆಳೆಯರಿಗೆ ಕೊಡಬೇಕು ಅಂತಿದ್ದೇನೆ. ಒಂದು ಮಾತ್ರ ಟಿಕ್ ಟಿಕ್ ಅನ್ನುತ್ತಿದೆ. ಪರೀಕ್ಷೆ ಮಾಡುವುದು ಹೇಗೆ? ಕೆಟ್ಟದ್ದನ್ನು ರಿಪೇರಿ ಮಾಡಬಹುದಾ? ಮಾಡಿ ಗೊತ್ತಿರುವವರು ಹೇಳಿ.

ಉತ್ತರ 1

ಇಂಥ ಡಿಸ್ಕ್‌ಗಳನ್ನು ನಾನು ಒಂದು ನಲವತ್ತಾದರೂ ನೋಡಿದ್ದೇನೆ. ರಿಪೇರಿ ಆಸೆ ಬಿಟ್ಟುಬಿಡಿ. ಒಳಗಿನ ತಟ್ಟೆಯ ಮೇಲೆ ಹೆಡ್ (ಓದಿ ಬರೆಯುವ ಪುಟ್ಟ ತುದಿ) ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಮುಚ್ಚಳ ತೆಗೆದರೆ ಒಂದು ಧೂಳಿನ ಕಣ ಸಾಕು. ನಾವು ಮಾಡುವುದು ಜರಡಿ ಹಿಡಿಯುವ ಕೆಲಸ, ಅಷ್ಟೇ.

ಮೊದಲು ಸ್ಮಾರ್ಟ್ ಅಂಕಿಗಳನ್ನು, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಲೆಕ್ಕವನ್ನು ನೋಡಿ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸ್‌ನಲ್ಲಿ ಸ್ಮಾರ್ಟ್‌ಸಿಟಿಎಲ್ ಅನ್ನುವ ಪ್ರೋಗ್ರಾಂ ಅದನ್ನು ತೋರಿಸುತ್ತದೆ. 'ಪಾಸ್ಡ್' ಅಂತ ಬಂದ ಕೂಡಲೇ ಖುಷಿಪಡಬೇಡಿ. ಕಂಪನಿ ಇಟ್ಟ ಗೆರೆ ಇನ್ನೂ ದಾಟಿಲ್ಲ ಅನ್ನುವುದು ಬಿಟ್ಟರೆ ಆ ಮಾತಿಗೆ ಬೇರೆ ಅರ್ಥ ಇಲ್ಲ. ನೋಡಬೇಕಾದ್ದು ಮೂರು ಸಾಲು. 5, ಅಂದರೆ ಕೆಟ್ಟ ಸೆಕ್ಟರ್ (ಡೇಟಾ ಇಡುವ ಪುಟ್ಟ ಜಾಗ) ಬದಲು ಬೇರೆ ಕೊಟ್ಟಿದ್ದು. 197, ಓದಲಾಗದೆ ಅನುಮಾನದಲ್ಲಿ ಇಟ್ಟಿದ್ದು. 198, ಓದಲು ಆಗಲೇ ಇಲ್ಲ ಅಂತ ಕೈಬಿಟ್ಟಿದ್ದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ 197 ಅನ್ನುವುದು ಸಿ5 ಅಂತಲೂ 198 ಸಿ6 ಅಂತಲೂ ಕಾಣುತ್ತದೆ. ಅಂಕಿಗಳೂ ಹೆಕ್ಸ್‌ನಲ್ಲೇ, ಅಂದರೆ ಹದಿನಾರರ ಲೆಕ್ಕದಲ್ಲೇ ಇರುತ್ತವೆ. ಅಲ್ಲಿ 10 ಅಂದರೆ ನಮ್ಮ 16. ಸೆಟ್ಟಿಂಗ್‌ನಲ್ಲಿ ಬದಲಾಯಿಸಿಕೊಳ್ಳಿ.

ಈಗ ಅಸಲಿ ವಿಷಯ. ಅಂಕಿ ಎಷ್ಟಿದೆ ಅನ್ನುವುದಕ್ಕಿಂತ ಅದು ನಿಂತಿದೆಯಾ, ಏರುತ್ತಿದೆಯಾ ಅನ್ನುವುದನ್ನು ನೋಡಬೇಕು. ನನ್ನ ಒಂದು 500 ಜಿಬಿ ಡಿಸ್ಕ್‌ನಲ್ಲಿ 197ರ ಮುಂದೆ 8 ಇತ್ತು. ಇಡೀ ಡಿಸ್ಕ್ ಮೇಲೆ ಒಮ್ಮೆ ಸೊನ್ನೆ ಬರೆದೆ. 8 ಹೋಗಿ 0 ಆಯಿತು, 5ರ ಸಾಲೂ 0 ಆಗಿಯೇ ಉಳಿಯಿತು. ಈ ಡಿಸ್ಕ್‌ಗಳಲ್ಲಿ ಒಂದು 4ಕೆ (4,096 ಬೈಟಿನ) ಸೆಕ್ಟರ್ ಕೆಟ್ಟರೂ ಲೆಕ್ಕಕ್ಕೆ ಬರುವುದು 512 ಬೈಟಿನ ಎಂಟು ಸೆಕ್ಟರ್. ಬರೆಯುತ್ತಿದ್ದಾಗ ಕರೆಂಟ್ ಕೈಕೊಟ್ಟಿತ್ತು ಅಂತ ಕಾಣುತ್ತದೆ. ಆ ಡಿಸ್ಕ್ ಮೂರು ವರ್ಷದಿಂದ ಓಡುತ್ತಿದೆ. ಇನ್ನೊಂದರಲ್ಲಿ 5ರ ಮುಂದೆ 24 ಇತ್ತು. ಒಮ್ಮೆ ಬರೆದ ಮೇಲೆ 112. ಎರಡನೇ ಸಲಕ್ಕೆ 380. ಅದು ಸೀದಾ ಕಸಕ್ಕೆ ಹೋಯಿತು.

ಹಾಗಾಗಿ ಮೊದಲ ಅಂಕಿಗಳನ್ನು ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಲಾಂಗ್ ಟೆಸ್ಟ್ (ಡಿಸ್ಕ್ ತನ್ನನ್ನು ತಾನೇ ಪೂರ್ತಿ ಓದಿ ನೋಡಿಕೊಳ್ಳುವ ಪರೀಕ್ಷೆ), ಆಮೇಲೆ ಪೂರ್ತಿ ಬರೆಯುವುದು, ಮತ್ತೆ ಅಂಕಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಒಂದು ಮಾತು: ಸೀಗೇಟ್ ಡಿಸ್ಕ್‌ಗಳಲ್ಲಿ 1 ಮತ್ತು 7ರ ಸಾಲುಗಳಲ್ಲಿ ಕೋಟಿಗಟ್ಟಲೆ ಅಂಕಿ ಕಾಣುತ್ತದೆ. ಅದು ಮಾಮೂಲಿ, ತಲೆ ಕೆಡಿಸ್ಕೋಬೇಡಿ.

ಉತ್ತರ 2

ಟಿಕ್ ಟಿಕ್ ಅನ್ನುತ್ತಿರುವುದನ್ನು ಈಗಲೇ ಬಿಸಾಕಬೇಡಿ. ಯಾವುದರಿಂದ ಓಡಿಸುತ್ತಿದ್ದೀರಿ? ಹಳೆಯ ಯುಎಸ್‌ಬಿ 2 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪ್, ಯುಎಸ್‌ಬಿ 3 ಆದರೆ 900. ತಟ್ಟೆ ತಿರುಗಲು ಶುರುವಾಗುವ ಆ ಕ್ಷಣದಲ್ಲಿ ಡಿಸ್ಕ್ ಒಂದು ಆಂಪ್ ಹತ್ತಿರ ಎಳೆಯಬಹುದು. ಸಾಲದಿದ್ದರೆ ತಿರುಗಲು ಹೋಗಿ ನಿಲ್ಲುತ್ತದೆ, ಮತ್ತೆ ತಿರುಗಲು ನೋಡುತ್ತದೆ. ಅದೂ ಟಿಕ್ ಟಿಕ್ ಅಂತಲೇ ಕೇಳುತ್ತದೆ. ಡೆಸ್ಕ್‌ಟಾಪ್ ಒಳಗಿನ ಸಾಟಾ ಕೇಬಲ್‌ಗೆ ಹಾಕಿ ನೋಡಿ. ಅಲ್ಲೂ ಹಾಗೇ ಅಂದರೆ ಹೆಡ್ ಹೋಗಿದೆ ಅಂತ ಅಂದುಕೊಳ್ಳಿ. ಟಿಕ್ ಬದಲು ಸಣ್ಣಗೆ ಬೀಪ್ ಥರ ಬಂದರೆ ಸಾಮಾನ್ಯವಾಗಿ ಹೆಡ್ ತಟ್ಟೆಗೆ ಅಂಟಿದೆ ಅಥವಾ ಮೋಟರ್ ಹಿಡಿದುಕೊಂಡಿದೆ.

ಫ್ರೀಜರ್‌ನಲ್ಲಿ ಇಟ್ಟರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಹೊರಗೆ ತೆಗೆದಾಗ ನೀರು ಕಟ್ಟುತ್ತದೆ.

199ರ ಸಾಲು (ಕೇಬಲ್‌ನಲ್ಲಿ ಡೇಟಾ ಸಾಗುವಾಗ ಆದ ತಪ್ಪುಗಳ ಲೆಕ್ಕ) ಏರಿದ್ದರೆ ಡಿಸ್ಕ್ ಅನ್ನು ಬೈಯುವ ಮೊದಲು ಕೇಬಲ್ ಬದಲಾಯಿಸಿ. ನನಗೆ ಎರಡು ಸಲ ಕೇಬಲ್ಲೇ ಕಳ್ಳ ಆಗಿತ್ತು. ಇನ್ನೊಂದು ಸಲ ಕೆಳಗಿನ ಸರ್ಕ್ಯೂಟ್ ಬೋರ್ಡಿನ ಪುಟ್ಟ ಸ್ಕ್ರೂಗಳನ್ನು ಬಿಚ್ಚಿದೆ. ಹಿಂಬದಿಯ ತಾಮ್ರದ ಚುಕ್ಕಿಗಳು ಕಪ್ಪಾಗಿದ್ದವು. ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿದೆ. ಡಿಸ್ಕ್ ಎದ್ದು ಕೂತಿತು. ನನ್ನ 'ರಿಪೇರಿ' ಇಲ್ಲಿಗೆ ಮುಗಿಯಿತು. ಬೇರೆ ಡಿಸ್ಕ್‌ನ ಬೋರ್ಡ್ ತಂದು ಹಾಕುವುದೂ ಸುಲಭ ಅಲ್ಲ, ಆಯಾ ಡಿಸ್ಕ್‌ನ ಅಳತೆಗಳು ಅದರದೇ ಬೋರ್ಡಿನ ರೋಮ್ ಚಿಪ್‌ನಲ್ಲಿ ಇರುತ್ತವೆ.

ಉತ್ತರ 3

ಬರೆಯುವ ಪರೀಕ್ಷೆಗೆ ಲಿನಕ್ಸ್‌ನ ಬ್ಯಾಡ್‌ಬ್ಲಾಕ್ಸ್ ಒಳ್ಳೆಯದು. ನಾಲ್ಕು ಬಗೆಯ ನಮೂನೆ ಬರೆದು, ಪ್ರತಿಯೊಂದನ್ನೂ ಓದಿ ತಾಳೆ ನೋಡುತ್ತದೆ. ಅಂದರೆ ಎಂಟು ಸುತ್ತು. 500 ಜಿಬಿಗೆ ಸಾಟಾದಲ್ಲೇ ಹದಿನೈದು ಗಂಟೆ ಹಿಡಿಯಬಹುದು. ಯುಎಸ್‌ಬಿ 2ರಲ್ಲಿ ಒಂದೂವರೆ ದಿನ. ರಾತ್ರಿ ಹಚ್ಚಿ ಮಲಗಿಬಿಡಿ. ಡಿಸ್ಕ್ ಮೇಲೆ ಗಾಳಿ ಆಡುವ ಹಾಗಿರಲಿ, 50 ಡಿಗ್ರಿ ದಾಟಿದರೆ ನಾನು ನಿಲ್ಲಿಸುತ್ತೇನೆ. 1 ಟಿಬಿಯವುಗಳಲ್ಲಿ ಕೆಲವು ಎಸ್‌ಎಂಆರ್ (ಡೇಟಾದ ಸಾಲುಗಳನ್ನು ಒಂದರ ಮೇಲೊಂದು ಹೆಂಚಿನಂತೆ ಒತ್ತಿ ಬರೆಯುವ ಬಗೆ) ಇರಬಹುದು. ಅವು ನಡುವೆ ತುಂಬಾ ನಿಧಾನ ಆಗುತ್ತವೆ, ಅಷ್ಟಕ್ಕೇ ಕೆಟ್ಟಿದೆ ಅಂತಲ್ಲ.

ಈ ಪರೀಕ್ಷೆ ಡಿಸ್ಕ್‌ನಲ್ಲಿರುವುದನ್ನೆಲ್ಲ ಅಳಿಸುತ್ತದೆ. ನಾನು ಒಮ್ಮೆ ನಿದ್ದೆಗಣ್ಣಲ್ಲಿ ಹೆಸರಿನ ಕೊನೆಯ ಅಕ್ಷರ ತಪ್ಪು ಟೈಪ್ ಮಾಡಿ ನನ್ನದೇ ಫೋಟೋಗಳ ಡಿಸ್ಕ್ ಒರೆಸಿಬಿಟ್ಟೆ. ಈಗ ಎಂಟರ್ ಒತ್ತುವ ಮೊದಲು ಲೇಬಲ್ ಮೇಲಿನ ಸೀರಿಯಲ್ ನಂಬರನ್ನು ಪರದೆಯ ನಂಬರಿಗೆ ಜೋರಾಗಿ ಓದಿ ಹೊಂದಿಸುತ್ತೇನೆ. ಮನೆಯವರು ನಗುತ್ತಾರೆ, ನಗಲಿ.

ಗೆಳೆಯರಿಗೆ ಕೊಡುವುದಾದರೆ ಕ್ವಿಕ್ ಫಾರ್ಮ್ಯಾಟ್ ಸಾಲದು, ಫೈಲುಗಳು ಹಾಗೇ ಉಳಿದಿರುತ್ತವೆ. ಬ್ಯಾಡ್‌ಬ್ಲಾಕ್ಸ್ ಬರೆದಿದ್ದರೆ ಆ ಕೆಲಸವೂ ಆಯಿತು. ಕಸಕ್ಕೆ ಹಾಕುವುದನ್ನು ಸುತ್ತಿಗೆಯಿಂದ ಹೊಡೆಯುವವರು ಕನ್ನಡಕ ಹಾಕಿಕೊಳ್ಳಿ. ಲ್ಯಾಪ್‌ಟಾಪ್ ಡಿಸ್ಕ್‌ಗಳ ತಟ್ಟೆ ಎಷ್ಟೋ ಸಲ ಗಾಜಿನದು, ಸಿಡಿಯುತ್ತದೆ.

ಕೇಳಿದವರಿಂದ

ಎಲ್ಲರಿಗೂ ಥ್ಯಾಂಕ್ಸ್. ಟಿಕ್ ಟಿಕ್ ಡಿಸ್ಕ್ ಡೆಸ್ಕ್‌ಟಾಪ್‌ನಲ್ಲಿ ಸದ್ದಿಲ್ಲದೆ ತಿರುಗಿತು! ಲಾಂಗ್ ಟೆಸ್ಟ್ ಕೂಡ ದಾಟಿದೆ. ಬೇರೆ ಎರಡರಲ್ಲಿ 5ರ ಸಾಲು ಬರೆದಂತೆಲ್ಲ ಏರಿತು, ಪಕ್ಕಕ್ಕಿಟ್ಟೆ. ಇನ್ನೊಂದು 31,000 ಗಂಟೆ ಓಡಿದೆ, ಅಂದರೆ ಮೂರೂವರೆ ವರ್ಷ ಎಡೆಬಿಡದೆ. ಅಂಕಿಗಳೆಲ್ಲ ಸೊನ್ನೆ. ಇದನ್ನು ಕೊಡಲಾ ಬೇಡವಾ?

ಉತ್ತರ 1

ಕೊಡಬೇಡಿ, ನೀವೇ ಇಟ್ಟುಕೊಂಡು ಎರಡನೇ ಪ್ರತಿಗೆ ಬಳಸಿ. ತಿಂಗಳಿಗೊಮ್ಮೆ ಆ ಮೂರು ಸಾಲು ನೋಡಿ.